ಗಾಜಿನ ಹಿಂದಿನ ನಾಣ್ಯಕ್ಕೆ ಪೋಲರೈಸರ್ ಬೇಕಾ, ರಬ್ಬರ್ ಹುಡ್ ಸಾಕಾ?

ರಬ್ಬರ್ ಹುಡ್ ಸಾಕು. ಮೊದಲೇ ಹೇಳಿಬಿಡುತ್ತೇನೆ. ಪೋಲರೈಸರ್ ಅಂದರೆ ಗಾಜಿನ ಮೇಲಿನ ಪ್ರತಿಬಿಂಬ ಇಳಿಸಲು ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಫಿಲ್ಟರ್, ಹುಡ್ ಅಂದರೆ ಲೆನ್ಸಿನ ತುದಿಗೆ ಹಾಕುವ ಮೆತ್ತನೆ ರಬ್ಬರ್ ಬಳೆ. ಪೋಲರೈಸರ್‌ಗೆ 2,000 ರೂಪಾಯಿ ಮೇಲೆ ಕೊಟ್ಟಿದ್ದೇನೆ, ಹುಡ್‌ಗೆ 400 ಚಿಲ್ಲರೆ. ಈಗ ಮ್ಯೂಸಿಯಂಗೆ ಹೊರಟರೆ ಬ್ಯಾಗಿಗೆ ಬೀಳುವುದು ಆ 400ರದ್ದೇ.

ನನ್ನ ಓಡಾಟ ಹೆಚ್ಚಾಗಿ ಎರಡು ಕಡೆ. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆ, ಆಮೇಲೆ ಸಾಗರದ ಪಕ್ಕದ ಕೆಳದಿ ಮ್ಯೂಸಿಯಂ. ಅರಮನೆಯ ಅಂಗಳದ ವೀರಗಲ್ಲು, ಶಿಲ್ಪಗಳಿಗೆ ಇದ್ಯಾವುದೂ ಬೇಡ. ಬಯಲಲ್ಲೇ ಇವೆ, ಬೆಳಗಿನ ಓರೆ ಬಿಸಿಲು ಸಿಕ್ಕರೆ ಫೋನಿನಲ್ಲೇ ಕೆಲಸ ಮುಗಿಯುತ್ತದೆ. ತಲೆನೋವು ಶುರುವಾಗುವುದು ನಾಣ್ಯ, ತಾಳೆಗರಿ ಇಟ್ಟಿರುವ ಗಾಜಿನ ಪೆಟ್ಟಿಗೆಯ ಮುಂದೆ.

ಬೆಳಕು ಸಾಲದು ಅಂತ ಅಲ್ಲಿನವರನ್ನು ಬೈಯುವ ಹಾಗಿಲ್ಲ. ತಾಳೆಗರಿ, ಕಾಗದದಂಥ ವಸ್ತುಗಳ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳಬಾರದು ಅನ್ನುವುದು ಸಂಗ್ರಹಾಲಯಗಳು ಸಾಮಾನ್ಯವಾಗಿ ಇಟ್ಟುಕೊಂಡಿರುವ ಲೆಕ್ಕ. ಒಮ್ಮೆ ಮಾಸಿದ ಬಣ್ಣ ವಾಪಸ್ ಬರುವುದಿಲ್ಲ. ಫ್ಲ್ಯಾಶ್ ಅಂತೂ ಬೇಡವೇ ಬೇಡ.

ಈಗ ಪೋಲರೈಸರ್ ಕಥೆ. ಅಂಗಡಿಯವರು ರಸ್ತೆ ಬದಿ ನಿಂತಿದ್ದ ಕಾರಿನ ಗಾಜಿಗೆ ಹಿಡಿದು ತಿರುಗಿಸಿ ತೋರಿಸಿದರು. ಗಾಜಿನ ಮೇಲಿದ್ದ ಆಕಾಶ ಮಾಯ, ಒಳಗಿನ ಸೀಟು ಕಾಣಿಸಿತು. ಅದರಲ್ಲಿ ಮೋಸ ಏನಿಲ್ಲ. ಆದರೆ ಕಾರಿನ ಗಾಜು ಓರೆಯಾಗಿರುತ್ತದೆ, ಅಲ್ವಾ? ನೇರ ಎದುರಿನಿಂದ ಸುಮಾರು 56 ಡಿಗ್ರಿ ಓರೆಗೆ ಸರಿದಾಗ ಗಾಜಿನಿಂದ ಮರಳುವ ಬೆಳಕು ಪೂರ್ತಿ ಪೋಲರೈಸ್ ಆಗುತ್ತದೆ, ಅಂದರೆ ಅದರ ಅಲೆಗಳೆಲ್ಲ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಆಗ ಮಾತ್ರ ಫಿಲ್ಟರ್ ಅದನ್ನು ಚೆನ್ನಾಗಿ ತಡೆಯುತ್ತದೆ. ನೇರ ನಿಂತರೆ ಎಷ್ಟು ತಿರುಗಿಸಿದರೂ ನನ್ನ ಬಿಳಿ ಅಂಗಿ, ಹಿಂದಿನ ಕಿಟಕಿ, ಟ್ಯೂಬ್‌ಲೈಟ್ ಎಲ್ಲ ಹಾಗೇ ಕೂತಿರುತ್ತವೆ.

ಹಾಗಾದರೆ ಓರೆಯಿಂದಲೇ ತೆಗೆಯಿರಿ ಅನ್ನಬಹುದು. ಕೆಳದಿ ನಾಯಕರ ಕಾಲದ ನಾಣ್ಯ, ಇಕ್ಕೇರಿ ವರಹವನ್ನೇ ತಗೊಳ್ಳಿ. ಕಿರುಬೆರಳ ಉಗುರಿನಷ್ಟು ಚಿನ್ನ, ತೂಕ ಸುಮಾರು 3.4 ಗ್ರಾಂ. ಒಂದು ಮುಖದಲ್ಲಿ ಶಿವ ಪಾರ್ವತಿ ಒಟ್ಟಿಗೆ ಕೂತಿದ್ದಾರೆ, ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಸದಾಶಿವ’. ಅಷ್ಟು ಓರೆಯಿಂದ ತೆಗೆದರೆ ದುಂಡು ನಾಣ್ಯದ ಅಗಲ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಶಿವನ ಮುಖಕ್ಕೆ ಫೋಕಸ್ ಕೊಟ್ಟರೆ ಪಾರ್ವತಿ ಮಸುಕು. ಇಬ್ಬರೂ ಬೇಕು ಅಂತ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಕಿರಿದು ಮಾಡೋಣ ಅಂದರೆ ಬೆಳಕೆಲ್ಲಿದೆ?

ಇರುವ ಬೆಳಕಲ್ಲೂ ಪೋಲರೈಸರ್ ಒಂದೂವರೆಯಿಂದ ಎರಡು ಸ್ಟಾಪ್ ನುಂಗುತ್ತದೆ. ಒಂದು ಸ್ಟಾಪ್ ಹೋದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ. ಅಪರ್ಚರ್ ಎಫ್ 2.8, ಶಟರ್ 1/50 ಸೆಕೆಂಡ್ ಇಟ್ಟು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 2000 ಸಾಕಾಗುವ ಜಾಗದಲ್ಲಿ ಅದು 8000 ಕೇಳುತ್ತದೆ. ನನ್ನ ಹಳೇ ಕ್ಯಾಮೆರಾ 3200 ದಾಟಿದರೆ ಬರೀ ಕಾಳುಕಾಳು. ಅಕ್ಷರದ ಅಂಚೇ ಸಿಗುವುದಿಲ್ಲ. ಗಾಜಿನ ಬದಲು ಅಕ್ರಿಲಿಕ್ ಹಾಕಿದ್ದರೆ ಕೆಲವೊಮ್ಮೆ ಕಾಮನಬಿಲ್ಲಿನ ಬಣ್ಣದ ಪಟ್ಟೆ ಬೇರೆ.

ರಬ್ಬರ್ ಹುಡ್‌ಗೆ ಈ ಬುದ್ಧಿವಂತಿಕೆ ಯಾವುದೂ ಇಲ್ಲ. ಲೆನ್ಸಿಗೂ ಗಾಜಿಗೂ ನಡುವಿನ ಸಂದಿ ಮುಚ್ಚುತ್ತದೆ, ಅಷ್ಟೇ. ಹೊರಗಿನ ಬೆಳಕು ಅಲ್ಲಿಗೆ ಬರದಿದ್ದರೆ ಪ್ರತಿಬಿಂಬ ಎಲ್ಲಿಂದ ಬರಬೇಕು? ಸ್ಟಾಪ್ ನಷ್ಟ ಇಲ್ಲ. ಗಾಜಿಗೆ ಒರಗುವುದರಿಂದ ಕೈನಡುಕವೂ ಕಡಿಮೆ, 1/25ರಲ್ಲೂ ಧೈರ್ಯವಾಗಿ ಒತ್ತುತ್ತೇನೆ. ಮೆತ್ತಗಿರುವುದರಿಂದ ಒಂಚೂರು ವಾಲಿಸಲೂಬಹುದು.

ಇದಕ್ಕೂ ಒಂದು ಕಿರಿಕಿರಿ ಇದೆ. ನನ್ನ 50 ಎಂಎಂ ಲೆನ್ಸ್ 45 ಸೆಂಟಿಮೀಟರ್ ಒಳಗೆ ಫೋಕಸ್ ಮಾಡುವುದಿಲ್ಲ. ಗಾಜಿನ ಹತ್ತಿರವೇ ಇಟ್ಟ ನಾಣ್ಯಕ್ಕೆ 16 ಎಂಎಂ ಎಕ್ಸ್‌ಟೆನ್ಶನ್ ಟ್ಯೂಬ್ (ಹತ್ತಿರದ್ದು ಫೋಕಸ್ ಆಗಲಿ ಅಂತ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಟೊಳ್ಳು ಬಳೆ) ಹಾಕಲೇಬೇಕು. ಟ್ಯೂಬ್ ಹಾಕಿದ ಮೇಲೆ ದೂರದ್ದು ಫೋಕಸ್ ಆಗದು. ಪಕ್ಕದ ಪೆಟ್ಟಿಗೆಯಲ್ಲಿ ನಾಣ್ಯ ಹಿಂದಿನ ಹಲಗೆಗೆ ಅಂಟಿಕೊಂಡಿದ್ದರೆ ಮತ್ತೆ ಟ್ಯೂಬ್ ಬಿಚ್ಚು. ಇನ್ನೊಂದು, ಮಳೆಗಾಲದಲ್ಲಿ ಗಾಜು ಒಂಥರಾ ಜಿಡ್ಡಾಗಿರುತ್ತದೆ, ಹುಡ್ ಇಟ್ಟಲ್ಲೆಲ್ಲ ದುಂಡು ಗುರುತು. ಮೆತ್ತನೆ ಬಟ್ಟೆ ಇಟ್ಟುಕೊಂಡಿರಿ. ಫೋಟೋಗೆ ಒಪ್ಪಿಗೆ ಕೇಳುವಾಗ ಗಾಜು ಮುಟ್ಟಬಹುದಾ ಅಂತಲೂ ಕೇಳಿ.

ಮುಟ್ಟಬೇಡಿ ಅಂದರೆ ಕಪ್ಪು ಕೊಡೆ. ಮಲೆನಾಡಲ್ಲಿ ಅದು ಹೇಗೂ ಜೊತೆಗಿರುತ್ತದೆ. ತಮ್ಮ ನನ್ನ ಬೆನ್ನ ಹಿಂದೆ ಬಿಚ್ಚಿ ಹಿಡಿದರೆ ಕಿಟಕಿಯ ಪ್ರತಿಬಿಂಬ ಮುಕ್ಕಾಲು ಪಾಲು ಹೋಗುತ್ತದೆ. ಒಳಗೆ ಬೆಳ್ಳಿ ಬಣ್ಣ ಬಳಿದ ಕೊಡೆ ಆಗದು. ನೀರು ತೊಟ್ಟಿಕ್ಕುವ ಕೊಡೆಯನ್ನು ಒಳಗೆ ಬಿಡುವುದಿಲ್ಲ, ಅದು ನ್ಯಾಯವೇ.

ಫೋನ್? ತಾಳೆಗರಿಯ ಇಡೀ ಕಟ್ಟು ತೋರಿಸಲು ಪರವಾಗಿಲ್ಲ. ಹತ್ತಿರದಿಂದ ನೋಡಿದರೆ ನೈಟ್ ಮೋಡ್ ಕಂಟದ (ತಾಳೆಗರಿಯ ಮೇಲೆ ಬರೆಯುವ ಚೂಪು ಕಡ್ಡಿ) ಗೀರುಗಳನ್ನೆಲ್ಲ ಸವರಿ ನುಣ್ಣಗೆ ಮಾಡಿರುತ್ತದೆ.

ಪೋಲರೈಸರ್ ಮಾರುವುದಿಲ್ಲ. ಮಳೆಯಲ್ಲಿ ನೆಂದ ಎಲೆಗಳ ಹೊಳಪು ಇಳಿಸಿ ಹಸಿರು ತೋರಿಸಲು ಅದಕ್ಕೆ ಸಾಟಿ ಇಲ್ಲ. ಬರೀ ಮ್ಯೂಸಿಯಂಗೆ ಅಂತ ಕೊಳ್ಳುವವರು ಮಾತ್ರ ಹುಡ್ ತಗೊಂಡು, ಉಳಿದ ದುಡ್ಡಿಗೆ ಟ್ಯೂಬ್ ತಗೊಳ್ಳಿ. ಹುಡ್ ಆರ್ಡರ್ ಮಾಡುವ ಮುಂಚೆ ಲೆನ್ಸಿನ ಮೇಲಿರುವ ಫಿಲ್ಟರ್ ಸೈಜ್ ನೋಡಿಕೊಳ್ಳಿ. ನನ್ನದು 49 ಎಂಎಂ.