ಹಳೇ ಟರ್ಬೊ ಡೀಸೆಲ್ ಗಾಡಿಗೆ ಪವರ್ ಬಾಕ್ಸ್ ಹಾಕಿಸಿ ಘಟ್ಟ ಹತ್ತುವವರಿಗೆ

ಕುಮಟಾದಿಂದ ಶಿರಸಿಗೆ ಹೊರಟಿದ್ದ 2009ರ ಡೀಸೆಲ್ ಹ್ಯಾಚ್‌ಬ್ಯಾಕ್ ಒಂದು ದೇವಿಮನೆ ಘಟ್ಟದ ಅರ್ಧಕ್ಕೇ ನಿಂತುಹೋಯಿತು. 1.4 ಲಕ್ಷ ಕಿಲೋಮೀಟರ್ ಓಡಿದ 1.3 ಲೀಟರ್ ಟರ್ಬೊ ಎಂಜಿನ್. ಎಂಜಿನ್ನಿನ ಶಕ್ತಿ ಏರಿಸುವ ಎಲೆಕ್ಟ್ರಾನಿಕ್ ಡಬ್ಬಿ, ಅಂದರೆ ಪವರ್ ಬಾಕ್ಸ್, ಕೂರಿಸಿ ಹತ್ತು ದಿನವಾಗಿತ್ತು. ಅಂಕೋಲಾ–ಕುಮಟಾ ನಡುವಿನ ಸಪಾಟು ಹೆದ್ದಾರಿಯಲ್ಲಿ ಪಿಕಪ್ ಸೊಗಸಾಗಿಯೇ ಇತ್ತು. ಘಟ್ಟದಲ್ಲಿ ಐದು ಜನ, ಎಸಿ, ನಾಲ್ಕನೇ ಗೇರ್. ಮೊದಲು ಹಿಂದಿನ ಗಾಡಿ ಕಾಣದಷ್ಟು ಕಪ್ಪು ಹೊಗೆ, ಆಮೇಲೆ ಎಳೆತ ಕುಸಿತ, ಕೊನೆಗೆ ಟಕಟಕ ಸದ್ದು. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಹೊಗೆ ಉಗುಳುತ್ತಿತ್ತು. ಹೆಡ್ ಇಳಿಸಿದಾಗ ಮೂರನೇ ಪಿಸ್ಟನ್ನಿನ ಅಂಚು ಕರಗಿ ರಿಂಗ್ ಕಾಣುತ್ತಿತ್ತು, ಬೋರ್ (ಸಿಲಿಂಡರಿನ ಒಳಗೋಡೆ) ಗೀರಿತ್ತು. ಅದೇ ಸಿಲಿಂಡರಿನ ಇಂಜೆಕ್ಟರ್ ಸೋರುತ್ತಿತ್ತು, ಟರ್ಬೊದಿಂದ ಬರುವ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ಹೋಸ್ ಕ್ಲಿಪ್ಪಿನ ಬುಡದಲ್ಲಿ ಸೀಳಿತ್ತು. ರಿಪೇರಿ ಲೆಕ್ಕ ಗಾಡಿಯ ಮಾರಾಟದ ಬೆಲೆಯ ಅರ್ಧ ದಾಟಿತು.

ಬಾಕ್ಸ್ ಮಾಡುವ ಕೆಲಸ ಒಂದೇ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಸುಳ್ಳು ಹೇಳುವುದು. ಎಲ್ಲ ಇಂಜೆಕ್ಟರಿಗೂ ಒತ್ತಡದ ಡೀಸೆಲ್ ಹಂಚುವ ಪೈಪು, ಅಂದರೆ ಕಾಮನ್ ರೈಲಿನ ಪ್ರೆಶರ್ ಸೆನ್ಸರಿಗೂ ಇಸಿಯುಗೂ ನಡುವೆ ಕೂತು ಅದು ವೋಲ್ಟೇಜ್ ಇಳಿಸಿ ತೋರಿಸುತ್ತದೆ. ರೈಲಿನಲ್ಲಿ ನಿಜಕ್ಕೂ 1400 ಬಾರ್ (ಬಾರ್ ಒತ್ತಡದ ಅಳತೆ) ಇದ್ದರೂ ಇಸಿಯುಗೆ 1250 ಎಂದು ಕಾಣುತ್ತದೆ. ಕಡಿಮೆಯಾಯಿತೆಂದು ಅದು ಪಂಪಿನಿಂದ ಇನ್ನಷ್ಟು ಒತ್ತಡ ಏರಿಸುತ್ತದೆ, ಇಂಜೆಕ್ಟರ್ ತೆರೆಯುವ ಸಮಯ ಮಾತ್ರ ಹಾಗೇ ಇರುತ್ತದೆ. ಹೀಗೆ ಡೀಸೆಲ್ ಜಾಸ್ತಿ ಬೀಳುತ್ತದೆ, ಗಾಳಿ ಜಾಸ್ತಿಯಾಗುವುದಿಲ್ಲ. ಬಂದ ಗಾಳಿಗೆ ತಕ್ಕಷ್ಟೇ ಡೀಸೆಲ್ ಕೊಡಬೇಕೆಂದು ಕಂಪನಿ ಇಟ್ಟ ಹೊಗೆ ಮಿತಿ ಆ ಒಂದು ಸುಳ್ಳಿನಿಂದಲೇ ಕೆಲಸಕ್ಕೆ ಬಾರದಂತಾಗುತ್ತದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಹೆಚ್ಚಾದರೆ ಸಾಮಾನ್ಯವಾಗಿ ಶಾಖ ಇಳಿಯುತ್ತದೆ, ಡೀಸೆಲ್‌ನಲ್ಲಿ ಏರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಟ್ಯೂನ್ ಮಾಡುವವರು ಇದ್ದಾರೆ, ಬೇಸರದ ವಿಷಯ. ಟರ್ಬೊಗೆ ಮುಂಚಿನ ಎಕ್ಸಾಸ್ಟ್ ಶಾಖ 720–750 ಡಿಗ್ರಿ ಸೆಲ್ಸಿಯಸ್ ಒಳಗೆ ಇದ್ದರೆ ದೀರ್ಘ ಏರಿಗೆ ತಕ್ಕಮಟ್ಟಿಗೆ ಸುರಕ್ಷಿತ. 800 ದಾಟಿದರೆ ಕೆಲವು ಸೆಕೆಂಡಷ್ಟೇ ತಡೆದೀತು. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ ಕರಗುವುದೇ 660 ಡಿಗ್ರಿಯಲ್ಲಿ, ತಳದಿಂದ ಚಿಮ್ಮುವ ಆಯಿಲ್ ಮತ್ತು ಗೋಡೆಯ ತಂಪು ಅದನ್ನು ಉಳಿಸಿಕೊಂಡಿರುತ್ತವೆ. ಅಂಗಡಿಯಲ್ಲಿ ಪವರ್ ಅಳೆಯುವ ಡೈನೊ ಯಂತ್ರದ ಮೇಲಿನ ಓಟ 10–15 ಸೆಕೆಂಡಿನದು, ಅಷ್ಟರಲ್ಲಿ ಪಿಸ್ಟನ್ ಪೂರ್ತಿ ಕಾಯುವುದೇ ಇಲ್ಲ. ದೇವಿಮನೆ, ಅರಬೈಲು, ಅಣಶಿ ಘಟ್ಟಗಳಲ್ಲಿ ಅದೇ ಭಾರ ನಿಮಿಷಗಟ್ಟಲೆ ಬಿಡದೆ ಬೀಳುತ್ತದೆ. ಹುಬ್ಬಳ್ಳಿ ಬಯಲಿನಲ್ಲಿ ಓಡಿಸಿ ನೋಡಿದ ಟ್ಯೂನಿಂಗನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಂಬಲಾಗದು.

ಅತಿ ಕೆಟ್ಟ ಸ್ಥಿತಿ ಯಾವುದೆಂದರೆ, 1500–1800 ಆರ್‌ಪಿಎಂನಲ್ಲಿ ನಾಲ್ಕನೇ ಗೇರ್ ಬಿಡದೆ ಆಕ್ಸಿಲರೇಟರ್ ಪೂರ್ತಿ ಒತ್ತುವುದು. ಟರ್ಬೊ ಇನ್ನೂ ಎದ್ದಿರುವುದಿಲ್ಲ, ಬಾಕ್ಸ್ ಮಾತ್ರ ಡೀಸೆಲ್ ಸುರಿಯುತ್ತಿರುತ್ತದೆ. ಮೂರಕ್ಕೆ ಇಳಿಸಿ 2200–2800ರ ನಡುವೆ ಹತ್ತಬೇಕು. ಇದು ಕಂಪನಿ ಸ್ಥಿತಿಯ ಗಾಡಿಗೂ ಒಳ್ಳೆಯದೇ.

ಈ 1248 ಸಿಸಿ ಎಂಜಿನ್ ಫಿಯಟ್ ಮಲ್ಟಿಜೆಟ್. ಮಾರುತಿ ಇದನ್ನು ಡಿಡಿಐಎಸ್ ಎಂದು, ಟಾಟಾ ಕ್ವಾಡ್ರಾಜೆಟ್ ಎಂದು ಮಾರಿದವು. ಪವರ್ 75 ಪಿಎಸ್‌ನಿಂದ 90ಕ್ಕೆ ಏರಿಸಲು ಕಂಪನಿಯೇ ವೇಗಕ್ಕೆ ತಕ್ಕಂತೆ ರೆಕ್ಕೆಗಳ ಕೋನ ಬದಲಿಸುವ ವೇರಿಯೆಬಲ್ ವೇನ್ ಟರ್ಬೊ ಹಾಕಬೇಕಾಯಿತು. ಟಾರ್ಕ್ (ತಿರುಗಿಸುವ ಬಲ) 190ರಿಂದ 200 ಎನ್‌ಎಂಗೆ ಏರಿದ್ದು ಅಷ್ಟೇ. ಹಳೇ ಟರ್ಬೊ ಇಟ್ಟುಕೊಂಡು ಒಂದು ತಾಸಿನಲ್ಲಿ 100 ಪಿಎಸ್ ಕೊಡುತ್ತೇವೆ ಎಂದವರ ಬಳಿ ಎಕ್ಸಾಸ್ಟ್ ಶಾಖ ಎಷ್ಟು ಅಳೆದಿರಿ ಎಂದು ಕೇಳಿ. ಅಳೆಯಲು ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಟರ್ಬೊಗಿಂತ ಮುಂಚೆ ತೂತು ಕೊರೆದು ಕೆ-ಟೈಪ್ ಥರ್ಮೊಕಪಲ್ ಕೂರಿಸಬೇಕು. ಮ್ಯಾನಿಫೋಲ್ಡ್ ಬಿಚ್ಚಿಯೇ ಕೊರೆಯಬೇಕು, ಚೂರು ಒಳಗೆ ಬಿದ್ದರೆ ಟರ್ಬೈನ್ ಹಾಳು.

ಹೆಚ್ಚಿನ ಪವರ್ ಬೇಕೇ ಬೇಕೆಂದರೆ ಮೊದಲು ಗಾಡಿಯ ಆರೋಗ್ಯ ನೋಡಿ. ನಾಲ್ಕೂ ಇಂಜೆಕ್ಟರ್ ರಿಟರ್ನ್ ಪೈಪಿಗೆ ನಾಲ್ಕು ಸೀಸೆ ಕಟ್ಟಿ 5 ನಿಮಿಷ ಐಡಲ್ ಓಡಿಸಿ. ಒಂದರಲ್ಲಿ ಉಳಿದವುಗಳ ಎರಡರಷ್ಟು ತುಂಬಿದರೆ ಆ ಇಂಜೆಕ್ಟರ್ ಮುಗಿದಂತೆ. ಸಿಲಿಂಡರುಗಳ ಕಂಪ್ರೆಶನ್‌ನಲ್ಲಿ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅಲ್ಲಿಗೇ ಕೈಬಿಡಿ. ಟರ್ಬೊ ಶಾಫ್ಟ್ ಅಡ್ಡಕ್ಕೆ ತುಸು ಅಲುಗಿದರೆ ಸರಿ, ಹಿಂದೆ ಮುಂದೆ ಅಲುಗುವುದು ಕೈಗೆ ಗೊತ್ತಾಗಬಾರದು. ಹೋಸ್‌ಗಳಿಗೆ 1 ಬಾರ್ ಗಾಳಿ ಕೊಟ್ಟು ಸೋಪಿನ ನೀರು ಹಚ್ಚಿ. ಕಡಲ ಬದಿಯ ಗಾಡಿಗಳ ಇಂಟರ್‌ಕೂಲರ್ ರೆಕ್ಕೆಗಳು ಉಪ್ಪುಗಾಳಿಗೆ ಪುಡಿಯಾಗಿರುತ್ತವೆ, ಬಂಪರ್ ಬಿಚ್ಚದೆ ಕಾಣುವುದಿಲ್ಲ. ಎಲ್ಲ ಸರಿಯಿದ್ದರೆ ಬಾಕ್ಸ್ ಬಿಟ್ಟು ಇಸಿಯು ಫೈಲನ್ನೇ ಬದಲಿಸುವ ರೀಮ್ಯಾಪ್ ಮಾಡಿಸಿ. 10–15 ಶೇಕಡಾ ಸಾಕು, 2000 ಆರ್‌ಪಿಎಂ ಒಳಗಿನ ಟಾರ್ಕ್ ಮುಟ್ಟಬಾರದು, ಮೂಲ ಫೈಲಿನ ಪ್ರತಿ ಕೈಗೆ ಬರಬೇಕು. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಕ್ಲೇಮ್ ಬಿದ್ದುಹೋಗಬಹುದು.

ಬಾಕ್ಸ್ ಜೊತೆಗೆ ಮಾರುವ, ಎಂಜಿನ್ನಿಗೆ ಹೊರಗಿನ ತಂಪು ಗಾಳಿ ಎಳೆಯುವ ಪೈಪೂ ಬೇಡ. ಬಂಪರಿನ ಕೆಳಗೆ ಬಾಯಿ ಇಟ್ಟರೆ ಜುಲೈ ಮಳೆಯಲ್ಲಿ ಹೆದ್ದಾರಿ ತಗ್ಗಿನ ನೀರನ್ನೇ ಎಂಜಿನ್ ಕುಡಿಯುತ್ತದೆ. ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಆಫ್ ಆದರೆ ಸೆಲ್ಫ್ ಹೊಡೆಯಬೇಡಿ.

ಈಗಾಗಲೇ ಬಾಕ್ಸ್ ಇರುವವರು ತೆಗೆಸಿ. ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಡಿ. ಸೆನ್ಸರ್ ಕನೆಕ್ಟರ್ ಮಾತ್ರ ಬಿಚ್ಚಬೇಕು, ಡೀಸೆಲ್ ಪೈಪಿನ ನಟ್ಟು ಮುಟ್ಟಬಾರದು. ಓಡುವ ಎಂಜಿನ್ನಿನಲ್ಲಿ ಅದನ್ನು ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಒಮ್ಮೆ ಬಿಚ್ಚಿದ ಕನೆಕ್ಟರಿನ ರಬ್ಬರ್ ಸೀಲ್ ಸರಿಯಾಗಿ ಕೂರದಿದ್ದರೆ ಕಾರವಾರದ ಹವೆಗೆ ಪಿನ್ನುಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಮೂಲ ಕ್ಲಿಪ್ ಟಕ್ ಎನ್ನುವಂತೆ ಕೂರಿಸಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಎಂಜಿನ್ ಎಬ್ಬಿಸದೆ ಕೀಲಿ ಆನ್ ಮಾಡಿ, ಇಸಿಯುವಿನ ಅಂಕಿ ಓದುವ ಒಬಿಡಿ ಆ್ಯಪಿನಲ್ಲಿ ರೈಲ್ ಪ್ರೆಶರ್ ನೋಡಿ. ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ಬಾರ್ ತೋರಿಸಿದರೆ ಸೆನ್ಸರ್ ಅಥವಾ ವೈರು ಈಗಲೂ ಸುಳ್ಳು ಹೇಳುತ್ತಿದೆ.