ಮಡಚುವ ಬಿಳಿ ಕೋಲು: ಎರಡು ವರ್ಷ ಬಳಸಿದ ಮೇಲೆ

ಈ ಕೋಲು ಕೊಂಡು ಎರಡು ವರ್ಷವಾಯಿತು. ಅದಕ್ಕೂ ಮೊದಲು ಇನ್ನೊಂದು ಕೋಲು ಮೂರು ವರ್ಷ ನನ್ನ ಬ್ಯಾಗಿನ ತಳದಲ್ಲೇ ಇತ್ತು. ಒಂದು ದಿನವೂ ಅದನ್ನು ರಸ್ತೆಯಲ್ಲಿ ಬಿಚ್ಚಲಿಲ್ಲ.

ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ, ಕಣ್ಣಿನ ಒಳಪರದೆ ನಿಧಾನವಾಗಿ ಹಾಳಾಗುವ ಕಾಯಿಲೆ. ಮೊದಲು ಇರುಳುಗಣ್ಣು ಬಂತು, ಆಮೇಲೆ ಅಕ್ಕಪಕ್ಕದ ನೋಟ ಹೋಯಿತು. ಈಗ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಕಾಣುತ್ತದೆ. ಅಷ್ಟನ್ನೇ ನೆಚ್ಚಿಕೊಂಡು "ನನಗೇನೂ ಆಗಿಲ್ಲ" ಅಂತ ಓಡಾಡುತ್ತಿದ್ದೆ. ಮೊಣಕಾಲ ತುಂಬ ಗಾಯ. ಬೀಳುತ್ತೇನೆ ಅನ್ನುವ ಭಯ ಅಷ್ಟಿರಲಿಲ್ಲ. ಕೋಲು ಬಿಚ್ಚಿದರೆ ಎಲ್ಲರಿಗೂ ಗೊತ್ತಾಗುತ್ತಲ್ಲ, ಅದಕ್ಕೇ ಜಾಸ್ತಿ ಹೆದರಿದ್ದೆ.

ತರಬೇತಿ ಕೊಟ್ಟ ಮೇಡಂ ಒಂದು ವಿಷಯ ಹೇಳಿದರು. 1921ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಫೋಟೋಗ್ರಾಫರ್ ಜೇಮ್ಸ್ ಬಿಗ್ಸ್ ಅಪಘಾತದಲ್ಲಿ ಕಣ್ಣು ಕಳೆದುಕೊಂಡರು. ಗಾಡಿ ಓಡಿಸುವವರಿಗೆ ಕಾಣಲಿ ಅಂತ ತಮ್ಮ ಕೋಲಿಗೆ ತಾವೇ ಬಿಳಿ ಬಣ್ಣ ಬಳಿದುಕೊಂಡರು. ನಾನು ಬಚ್ಚಿಡುತ್ತಿದ್ದುದನ್ನೇ ಅವರು ಎದ್ದು ಕಾಣುವಂತೆ ಮಾಡಿದ್ದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕೋಲಿನ ವಿಷಯಕ್ಕೆ ಬರುತ್ತೇನೆ. ಅಲ್ಯೂಮಿನಿಯಂನದು, ನಾಲ್ಕು ತುಂಡು, ಒಳಗೆ ಎಲಾಸ್ಟಿಕ್ ದಾರ. ಕೈಬಿಟ್ಟರೆ ಟಕ್ ಟಕ್ ಅಂತ ತಾನೇ ಜೋಡಿಕೊಳ್ಳುತ್ತದೆ. ರಬ್ಬರ್ ಹಿಡಿ ಬೆವರಿದರೂ ಜಾರುವುದಿಲ್ಲ. ಕೊಳ್ಳುವಾಗ ಉದ್ದ ನೋಡಿ. ನೆಟ್ಟಗೆ ನಿಂತರೆ ಎದೆಮೂಳೆಯ ಮಟ್ಟಕ್ಕಾದರೂ ಬರಬೇಕು. ನನ್ನ ಹಳೆಯದು ಹೊಟ್ಟೆಯ ಮಟ್ಟಕ್ಕಿತ್ತು. ಅಷ್ಟು ಗಿಡ್ಡ ಕೋಲು ಗುಂಡಿ ಇದೆ ಅಂತ ಹೇಳುವಷ್ಟರಲ್ಲಿ ಕಾಲು ಗುಂಡಿಯಲ್ಲೇ ಇರುತ್ತದೆ. ತುದಿಗೆ ಉರುಳುವ ಗುಂಡು ಹಾಕಿಸಿ. ಮಣಿಕಟ್ಟಿಗೆ ಸ್ವಲ್ಪ ಭಾರ, ಆದರೆ ಬಿರುಕಿನಲ್ಲಿ ಸಿಕ್ಕಿಕೊಳ್ಳುವುದು ಕಡಿಮೆ.

ಬಲಗಾಲು ಇಡುವಾಗ ತುದಿ ಎಡಗಡೆ ಇರಬೇಕು, ಎಡಗಾಲಿಗೆ ಬಲಗಡೆ. ಎರಡನೇ ಮಹಾಯುದ್ಧದಲ್ಲಿ ಕುರುಡಾದ ಸೈನಿಕರಿಗಾಗಿ ಅಮೆರಿಕದ ರಿಚರ್ಡ್ ಹೂವರ್ ರೂಪಿಸಿದ ಪಾಠ ಇದು. ಕೈಗೆ ಕೂರುವುದಕ್ಕೆ ನನಗೆ ಹದಿನೈದು ದಿನ ಹಿಡಿಯಿತು.

ಒಂದು ಕೊರತೆ ಇದೆ. ಸೊಂಟದಿಂದ ಮೇಲಿರುವುದನ್ನು ಕೋಲು ಹೇಳುವುದಿಲ್ಲ. ತೆರೆದ ಕಿಟಕಿ ಬಾಗಿಲಿಗೆ ಎರಡು ಸಲ ಹಣೆ ಹೊಡೆದುಕೊಂಡಿದ್ದೇನೆ.

ಇನ್ನು ಜನ. ಕೆಲವರು ಒಂದು ಮಾತೂ ಕೇಳದೆ ತೋಳು ಹಿಡಿದು ರಸ್ತೆ ದಾಟಿಸಿಬಿಡುತ್ತಾರೆ. ಒಮ್ಮೆ ನಾನು ದಾಟಬೇಕಾಗಿಯೇ ಇರಲಿಲ್ಲ! ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಗೊತ್ತು. ಆದರೂ ಎಳೆಯುವ ಮೊದಲು ಒಂದು ಸಲ ಕೇಳಬಹುದು ಅಲ್ವಾ? ಪುಟ್ಟ ಹುಡುಗನೊಬ್ಬ ಮಾತ್ರ ನೇರವಾಗಿ "ಆಂಟಿ, ಇದು ನಿಮಗೆ ಏನು ಹೇಳುತ್ತೆ?" ಅಂತ ಕೇಳಿದ. ಕೋಲು ಅವನ ಕೈಗೆ ಕೊಟ್ಟೆ. ಕಣ್ಣು ಮುಚ್ಚಿ ಕಲ್ಲಿಗೊಂದು ಸಲ, ಮಣ್ಣಿಗೊಂದು ಸಲ ತಟ್ಟಿದ. "ಬೇರೆ ಬೇರೆ ಸೌಂಡು!" ಅಂದ.

ಒಬ್ಬಳೇ ಹೊರಟ ಮೊದಲ ವಾರ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಚಪ್ಪಲಿ ಸದ್ದು ಬರುತ್ತಿತ್ತು. ಇಪ್ಪತ್ತು ವರ್ಷ ಕೇಳಿದ ಸದ್ದು, ಗೊತ್ತಾಗದೇ ಇರುತ್ತಾ? ನಮ್ಮವರು ಕಳ್ಳನ ಹಾಗೆ ಹಿಂದೆ ಬರುತ್ತಿದ್ದರು. ನಾನೂ ಸುಮ್ನೆ ಇದ್ದೆ. ಒಮ್ಮೆ ಕಂಬಕ್ಕೆ ಕೋಲು ಬಡಿದು ತಡವರಿಸಿದೆ. ಚಪ್ಪಲಿ ಎರಡು ಹೆಜ್ಜೆ ಓಡಿ ಬಂದು ಗಕ್ಕನೆ ನಿಂತಿತು. ನಾನು ಕಂಬ ಸವರಿ, ಬಳಸಿಕೊಂಡು ಮುಂದೆ ಹೋದೆ. ಓಡಿ ಬಂದು ಹಿಡಿಯದೆ ಅಲ್ಲೇ ನಿಂತುಕೊಳ್ಳುವುದು ಅವರಿಗೆ ಎಷ್ಟು ಕಷ್ಟವಾಗಿರಬೇಕು! ಎಂಟನೇ ದಿನ ಹಿಂದೆ ಸದ್ದು ಇರಲಿಲ್ಲ.

ತುದಿ ಬೇಗ ಸವೆಯುತ್ತದೆ, ಕೊಳ್ಳುವಾಗಲೇ ಇನ್ನೊಂದು ತಗೊಂಡಿಟ್ಟುಕೊಳ್ಳಿ. ನನ್ನದು ಸವೆದಿದೆ ಅಂತ ಮೊದಲು ಗಮನಿಸಿದ್ದು ಅವರೇ. ನಾನು ಗೇಟಿಗೆ ಬರುವಾಗ ಕೋಲಿನ ಸದ್ದು ಬೇರೆ ಥರ ಕೇಳಿಸಿತಂತೆ.