ಮಂಗಳೂರಿಂದ ಮಲ್ಪೆಗೆ: ಪ್ಲಾಟರ್‌ನಲ್ಲಿ ದಾರಿ ಹಾಕುವ ನಾಲ್ಕು ಕ್ರಮ

ಮಾವನ ಟ್ರಾಲ್ ಬೋಟಿಗೆ ಕಳೆದ ವರ್ಷ ಹೊಸ ಚಾರ್ಟ್‌ಪ್ಲಾಟರ್ ಬಂತು: ಸಮುದ್ರದ ನಕ್ಷೆ (ಚಾರ್ಟ್), ಅದರ ಮೇಲೆ ಬೋಟು ಎಲ್ಲಿದೆ ಅಂತ ತೋರಿಸುವ ಸ್ಕ್ರೀನು. ಬೋಟು ಕಟ್ಟುವ ದಕ್ಕೆಯಲ್ಲಿ ಅದನ್ನು ಯಾರೂ ಹಾಗೆ ಕರೆಯುವುದಿಲ್ಲ, ಎಲ್ಲರಿಗೂ ಅದು ‘ಜಿಪಿಎಸ್’. ಅಂಗಡಿಯವರು ವೈರ್ ಜೋಡಿಸಿ, ಆನ್ ಮಾಡಿ ತೋರಿಸಿ ಹೋದರು. ಉಳಿದ ಸೆಟ್ಟಿಂಗ್ ಎಲ್ಲ ನನ್ನ ತಲೆಗೆ ಬಿತ್ತು. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವವ ನಾನೊಬ್ಬನೇ ಅಲ್ವಾ!

ಮಂಗಳೂರಿನ ಹಳೆ ಬಂದರಿನಿಂದ ಮಲ್ಪೆಗೆ ಸುಮಾರು 30 ನಾಟಿಕಲ್ ಮೈಲು. ಈ ಒಂದೇ ದಾರಿಯನ್ನು ನಾಲ್ಕು ರೀತಿಯಲ್ಲಿ ಹಾಕಿ ನೋಡಿದೆ: ಪ್ಲಾಟರ್ ತಾನೇ ಹಾಕಿದ ದಾರಿ, ನಾವು ಒಂದೊಂದೇ ಪಾಯಿಂಟ್ ಇಟ್ಟ ದಾರಿ, ಮನೆಯಲ್ಲಿ ಲ್ಯಾಪ್‌ಟಾಪ್‌ನಲ್ಲಿ ಮಾಡಿ ತಂದ ದಾರಿ, ಮತ್ತೆ ಬೋಟು ಓಡಿಸುವ ತಂಡೇಲರ ಹಳೆ ಟ್ರ್ಯಾಕ್.

ಮೊದಲು ಆಟೋ ರೂಟ್. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರು ಕೊಟ್ಟಿದೆ. ಗಾರ್ಮಿನ್‌ನವರದ್ದು ಆಟೋ ಗೈಡೆನ್ಸ್, ಸಿ-ಮ್ಯಾಪ್‌ನವರದ್ದು ಈಸಿ ರೂಟಿಂಗ್. ಕೆಲಸ ಒಂದೇ. ಬೋಟಿಗೆ ಎಷ್ಟು ನೀರು ಬೇಕು ಅಂತ ಹೇಳಿ, ಹೋಗುವ ಜಾಗ ಒತ್ತಿದರೆ ಸಾಕು. ಚಾರ್ಟಿನಲ್ಲಿರುವ ಆಳ ನೋಡಿಕೊಂಡು ಅದೇ ಗೆರೆ ಎಳೆಯುತ್ತದೆ. ನಾನು ಆಳದ ಜಾಗದಲ್ಲಿ 6 ಅಂತ ಹಾಕಿದೆ. ಅರ್ಧ ನಿಮಿಷದಲ್ಲಿ ಮಲ್ಪೆವರೆಗೆ ಗೆರೆ ಬಂತು. ನನಗೆ ಭಾರೀ ಖುಷಿ. ತಂಡೇಲರು ಕನ್ನಡಕ ಹಾಕಿಕೊಂಡು ನೋಡಿದರು. ಮುಲ್ಕಿ ಹತ್ತಿರ ಗೆರೆ ದಡಕ್ಕೆ ಅಂಟಿಕೊಂಡೇ ಹೋಗುತ್ತಿತ್ತು.

“ಇದು ಬೋಟಿಗೆ ಹಾಕಿದ ದಾರಿಯಾ ಮಾರಾಯ, ಮುಲ್ಕಿ ಬಸ್ಸಿಗಾ?”

ವಿಷಯ ಇಷ್ಟೇ. ನಾನು 6 ಮೀಟರ್ ಅಂದುಕೊಂಡಿದ್ದೆ, ಪ್ಲಾಟರ್ ಫೂಟ್‌ನಲ್ಲಿತ್ತು. 6 ಅಡಿ ಅಂದರೆ 1.8 ಮೀಟರ್. ನಮ್ಮ ಬೋಟಿಗೆ ನೀರಿನಡಿಯೇ 2 ಮೀಟರ್ ಉಂಟು! ತಂಡೇಲರೋ ಆಳವನ್ನು ಮೀಟರಲ್ಲೂ ಹೇಳುವುದಿಲ್ಲ, ಅಡಿಯಲ್ಲೂ ಹೇಳುವುದಿಲ್ಲ. ಅವರದ್ದು ಮಾರಿನ ಲೆಕ್ಕ. ಒಂದು ಮಾರು ಅಂದರೆ ಸುಮಾರು 1.8 ಮೀಟರ್. ಒಂದೇ ಕ್ಯಾಬಿನ್ನಿನಲ್ಲಿ ಮೂರು ಅಳತೆ. ಹಾಗಾಗಿ ಯಾವ ಕ್ರಮದಲ್ಲಿ ದಾರಿ ಹಾಕುವುದಾದರೂ ಮೊದಲು ಯೂನಿಟ್ ನೋಡಿ.

ಆಮೇಲೆ ಕೂತು ಸರಿಯಾಗಿ ಲೆಕ್ಕ ಹಾಕಿದೆವು. ಬೋಟಿನ ನೀರಿನಡಿಯ ಭಾಗ 2 ಮೀಟರ್, ಅಲೆಯಲ್ಲಿ ಕುಸಿಯುವುದಕ್ಕೆ 1, ಚಾರ್ಟ್ ತಪ್ಪಿದರೆ ಅಂತ 1, ಸುಮ್ನೆ ಧೈರ್ಯಕ್ಕೆ ಇನ್ನೊಂದು. ಒಟ್ಟು 5 ಮೀಟರ್. ಚಾರ್ಟಿನಲ್ಲಿ ಬರೆದ ಆಳ ಪೂರ್ತಿ ಇಳಿತದ ಹೊತ್ತಿನದ್ದು. ಭರತದ ನೀರು ಅದರ ಮೇಲೆ ಬೋನಸ್, ಅದನ್ನು ಲೆಕ್ಕಕ್ಕೆ ಸೇರಿಸಲಿಲ್ಲ.

ಯೂನಿಟ್ ಸರಿ ಮಾಡಿ, 5 ಮೀಟರ್ ಕೊಟ್ಟ ಮೇಲೆ ಆಟೋ ಗೆರೆ ಹೊರಗೆ ಸರಿಯಿತು. ಆದರೂ ಓಡಿಸುವಾಗ ಕಿರಿಕಿರಿ. ಅದು 5 ಮೀಟರ್ ಆಳದ ಅಂಚು ಹಿಡಿದುಕೊಂಡು ಅಂಕುಡೊಂಕಾಗಿ ಹೋಗುತ್ತದೆ, 40ಕ್ಕಿಂತ ಜಾಸ್ತಿ ತಿರುವು. ಆ ನೀರಿನಲ್ಲೇ ನಾಡದೋಣಿಯವರ ಬಲೆ ಇರುವುದು. ರಾತ್ರಿ ಪ್ರೊಪೆಲ್ಲರಿಗೆ ಬಲೆ ಸುತ್ತಿದರೆ ಕಥೆ ಮುಗಿಯಿತು. ಚಾರ್ಟಿಗೆ ಬಲೆ ಗೊತ್ತಿಲ್ಲ. ಒಂದು ವಿಷಯ ಮಾತ್ರ ಮೆಚ್ಚಬೇಕು. ನದಿ ಸಮುದ್ರ ಸೇರುವ ಅಳಿವೆ ಬಾಗಿಲಿನ ಹತ್ತಿರ ಗೆರೆಯ ಬಣ್ಣ ಬದಲಾಯಿಸಿ ‘ಇಲ್ಲಿ ನನಗೆ ಖಾತ್ರಿ ಇಲ್ಲ’ ಅಂತ ತೋರಿಸಿತು. ನಮ್ಮಲ್ಲಿ ಎಷ್ಟು ಜನ ಹಾಗೆ ಒಪ್ಪಿಕೊಳ್ಳುತ್ತಾರೆ?

ಎರಡನೆಯದು, ಕೈಯಲ್ಲೇ ಪಾಯಿಂಟ್ ಇಡುವುದು. ತಂಡೇಲರು ಹೇಳುತ್ತಾ ಹೋದರು, ನಾನು ಒತ್ತುತ್ತಾ ಹೋದೆ. ಅಳಿವೆ ಬಿಟ್ಟ ಮೇಲೆ 8 ಮಾರು ನೀರು ಸಿಗುವವರೆಗೆ ನೇರ ಪಡುವಣಕ್ಕೆ. ಅಲ್ಲಿಂದ ಬಡಗು. ಪಣಂಬೂರಿನ ಹಡಗು ಕಾಲುವೆಯನ್ನು ಓರೆಯಾಗಿ ಅಲ್ಲ, ನೇರ ಅಡ್ಡಕ್ಕೆ ದಾಟಬೇಕು. ಹಾಗೆ ದಾಟಿದರೆ ದೊಡ್ಡ ಹಡಗಿನ ಎದುರು ಇರುವ ಹೊತ್ತು ಕಮ್ಮಿ. ಕಾಪುವಿನ ಬಂಡೆಗಳಿಂದ ದೂರ ಇರಬೇಕು, ಲೈಟ್‌ಹೌಸ್ ಬಲಗಡೆ ಕಾಣುತ್ತಿರಬೇಕು. ಕೊನೆಗೆ ಮಲ್ಪೆಗೆ ತಿರುವು. ಒಟ್ಟು ಏಳೇ ಪಾಯಿಂಟ್.

ಇದರಲ್ಲಿ ಅಪಾಯ ಪಾಯಿಂಟಿನಲ್ಲಿಲ್ಲ, ಎರಡು ಪಾಯಿಂಟಿನ ನಡುವಿನ ಗೆರೆಯಲ್ಲಿ ಉಂಟು. ದೂರದಿಂದ ನೋಡಿದರೆ ಚಾರ್ಟ್ ಚೊಕ್ಕ ನೀಲಿ. ಜೂಮ್ ಮಾಡಿದಂತೆ ಬಂಡೆ, ಮುಳುಗಿದ ಹಡಗು ಒಂದೊಂದೇ ಕಾಣಿಸಿಕೊಳ್ಳುತ್ತವೆ. 2014ರ ನವೆಂಬರ್ 29ರಂದು ವೋಲ್ವೋ ಓಷನ್ ರೇಸ್‌ನಲ್ಲಿದ್ದ ‘ಟೀಮ್ ವೆಸ್ಟಾಸ್ ವಿಂಡ್’ ಹಾಯಿದೋಣಿ ಮಾರಿಷಸ್‌ನ ಈಶಾನ್ಯಕ್ಕಿರುವ ಹವಳದ ದಿಬ್ಬಕ್ಕೆ ಬಡಿದದ್ದು ಹೀಗೇ. ದಿಬ್ಬ ಚಾರ್ಟಿನಲ್ಲಿತ್ತು, ಸಾಕಷ್ಟು ಜೂಮ್ ಮಾಡಿ ನೋಡಿರಲಿಲ್ಲ. ಪ್ರಪಂಚ ಸುತ್ತುವವರಿಗೇ ಹಾಗಾದರೆ ನಾವೆಷ್ಟರವರು? ಏಳು ಪಾಯಿಂಟಿನ ಗೆರೆಯನ್ನು ಪೂರ್ತಿ ಜೂಮ್‌ನಲ್ಲಿ ಬೆರಳಿಂದ ಸರಿಸಿಕೊಂಡು ಹೋಗಲು ನನಗೆ 20 ನಿಮಿಷ ಹಿಡಿಯಿತು. ಆಟೋದ 40 ತಿರುವನ್ನು ಹಾಗೆ ನೋಡುವ ತಾಳ್ಮೆ ಯಾರಿಗೂ ಇಲ್ಲ. ಕೈ ದಾರಿಯೇ ವಾಸಿ ಅನ್ನುವುದಕ್ಕೆ ನನಗೆ ಇದೊಂದು ಕಾರಣ ಸಾಕು.

ಚಾರ್ಟ್ ಎಷ್ಟು ಹಳೆಯದು ಅಂತಲೂ ನೋಡಿಕೊಳ್ಳಿ. ‘ಪ್ರಿನ್ಸೆಸ್ ಮಿರಾಲ್’ ಹಡಗು ಉಳ್ಳಾಲದ ಬಳಿ ಮುಳುಗಿದ್ದು 2022ರ ಜೂನ್‌ನಲ್ಲಿ. ನಮ್ಮ ಹಳೆ ಜಿಪಿಎಸ್‌ನ ಕಾರ್ಡ್ 2019ರದ್ದು. ಅದರಲ್ಲಿ ಎಷ್ಟು ಜೂಮ್ ಮಾಡಿದರೂ ಆ ಹಡಗು ಕಾಣಲು ಸಾಧ್ಯವಿಲ್ಲ.

ಲ್ಯಾಪ್‌ಟಾಪ್ ಕ್ರಮ ನನಗೆ ಇಷ್ಟ, ತಂಡೇಲರಿಗೆ ಅಷ್ಟಕ್ಕಷ್ಟೇ. ಓಪನ್‌ಸಿಪಿಎನ್ ಅಂತ ಒಂದು ಉಚಿತ ಪ್ರೋಗ್ರಾಮ್ ಉಂಟು. ಚಾರ್ಟ್ ಮಾತ್ರ ನಾವೇ ಬೇರೆ ತಂದು ಹಾಕಬೇಕು. ದೊಡ್ಡ ಸ್ಕ್ರೀನು, ಮೌಸು, ಪಕ್ಕದಲ್ಲಿ ಚಾ. ಬೋಟಿನ ಅಲ್ಲಾಟ ಇಲ್ಲ. ದಾರಿ ಮಾಡಿ ಜಿಪಿಎಕ್ಸ್ ಫೈಲ್ ಆಗಿ ಮೆಮೊರಿ ಕಾರ್ಡಿಗೆ ಹಾಕಿ ಪ್ಲಾಟರಿಗೆ ಕೊಟ್ಟರೆ ಆಯಿತು. ಆದರೆ ಆ ಫೈಲಿನಲ್ಲಿ ಬರುವುದು ಪಾಯಿಂಟ್‌ಗಳು ಮಾತ್ರ. ನೀರು 5 ಮೀಟರಿಗಿಂತ ಕಮ್ಮಿಯಾದರೆ ಕೂಗಲಿ ಅಂತ ನಾವು ಇಟ್ಟ ಅಲಾರಂ ಅದರ ಜೊತೆ ಬರುವುದಿಲ್ಲ. ಲ್ಯಾಪ್‌ಟಾಪ್‌ನ ಚಾರ್ಟ್ ಬೇರೆ, ಪ್ಲಾಟರ್‌ನ ಚಾರ್ಟ್ ಬೇರೆ. ಹಾಗಾಗಿ ಇಲ್ಲಿ ಮತ್ತೊಮ್ಮೆ ಬೆರಳು ಸರಿಸಿ ನೋಡಲೇಬೇಕು.

ಫೈಲ್ ಬಿಟ್ಟು ಅಂಕಿಗಳನ್ನು ಕೈಯಲ್ಲಿ ಟೈಪ್ ಮಾಡುವುದಾದರೆ ಇನ್ನೂ ಹುಷಾರು. ಮಲ್ಪೆ ಹತ್ತಿರದ ಒಂದು ಗುರುತು ಫೋನಿನಲ್ಲಿ 13.347 ಅಂತ ಇತ್ತು. ಪ್ಲಾಟರ್ ಕೇಳುತ್ತಿದ್ದದ್ದು ಡಿಗ್ರಿ, ಮಿನಿಟು. ನಾನು 13 ಡಿಗ್ರಿ 34.7 ಮಿನಿಟು ಅಂತ ಒತ್ತಿದೆ. ಸರಿಯಾದದ್ದು 13 ಡಿಗ್ರಿ 20.82 ಮಿನಿಟು. ಗುರುತು ಹತ್ತಿರ ಹತ್ತಿರ 14 ನಾಟಿಕಲ್ ಮೈಲು ಬಡಗಿಗೆ ಹೋಗಿ, ಕುಂದಾಪುರದ ಕಡೆ ಕೂತಿತ್ತು. ಇಷ್ಟು ದೊಡ್ಡ ತಪ್ಪಾದ್ದರಿಂದ ಕಣ್ಣಿಗೆ ಬಿತ್ತು. ಅರ್ಧ ಮೈಲಿನ ತಪ್ಪಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಇನ್ನು ಟ್ರ್ಯಾಕ್. ಬೋಟು ಹಿಂದೆ ಹೋದ ದಾರಿ ಪ್ಲಾಟರ್‌ನಲ್ಲಿ ಉಳಿದಿರುತ್ತದೆ, ಅದರ ಮೇಲೇ ಮತ್ತೆ ಹೋಗುವುದು. ದಕ್ಕೆಯಲ್ಲಿ ಹೆಚ್ಚಿನವರು ನಂಬುವುದು ಇದನ್ನೇ. ತಂಡೇಲರ ಮಾತು ಸರಳ: “ಹೋಗಿ ಬಂದ ದಾರಿಗೆ ಎಂತ ಪರೀಕ್ಷೆ?”

ಅಳಿವೆ ಬಾಗಿಲಿನ ಮಟ್ಟಿಗೆ ಅವರು ಹೇಳುವುದು ಸರಿಯೇ. ನೇತ್ರಾವತಿಯೂ ಫಲ್ಗುಣಿಯೂ ಸೇರಿ ಸಮುದ್ರಕ್ಕೆ ಬೀಳುವ ಜಾಗ ಅದು. ಅಲ್ಲಿ ಮರಳಿನ ದಿಬ್ಬ ಒಂದೇ ಕಡೆ ನಿಲ್ಲುವುದಿಲ್ಲ. ಯಾವ ಕಂಪನಿಯ ಚಾರ್ಟೂ ಅದರ ಬೆನ್ನು ಹತ್ತಿ ಓಡಲು ಆಗದು. ನಿನ್ನೆ ಹೊರಗೆ ಹೋಗಿ ಬಂದ ಬೋಟಿನ ಟ್ರ್ಯಾಕಿನ ಮುಂದೆ ಉಳಿದ ಮೂರೂ ಕ್ರಮ ಅಲ್ಲಿ ಸೋಲುತ್ತವೆ.

ಆದರೆ ಅದು ನಿನ್ನೆಯದ್ದೇ ಆಗಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ರಜೆ, ಬೋಟು ದಕ್ಕೆಯಲ್ಲೇ. ಆ ಎರಡು ತಿಂಗಳು ಮಳೆಯ ನೆರೆ ಅಳಿವೆಯನ್ನು ತನಗೆ ಬೇಕಾದ ಹಾಗೆ ತಿದ್ದಿರುತ್ತದೆ. ಆಗಸ್ಟ್‌ನ ಮೊದಲ ವಾರ ನಾವು ಮೇ ತಿಂಗಳ ಟ್ರ್ಯಾಕ್ ಹಿಡಿದು ಹೊರಟೆವು. ಗೆರೆಯ ಮೇಲೆಯೇ ಇದ್ದೇವೆ, ಕೂದಲೆಳೆ ಆಚೀಚೆ ಇಲ್ಲ. ನೀರಿನ ಆಳ ತೋರಿಸುವ ಎಕೋದಲ್ಲಿ ಅಂಕಿ 4, 3.2, 2.6 ಮೀಟರ್ ಅಂತ ಇಳಿಯುತ್ತಾ ಬಂತು. ಆಮೇಲೆ ಅಡಿಯಿಂದ ಗೋಣಿ ಎಳೆದ ಹಾಗೆ ಒಂದು ಸದ್ದು. ತಂಡೇಲರು ಒಂದು ಮಾತೂ ಆಡದೆ ರಿವರ್ಸ್ ಕೊಟ್ಟರು. ಹಿಂದಿನಿಂದ ಬಂದ ಅಲೆ ಎತ್ತಿದ್ದರಿಂದ ಬಿಡಿಸಿಕೊಂಡೆವು. ಟ್ರ್ಯಾಕಿನ ಹೆಸರು ‘017’ ಅಂತ ಮಾತ್ರ ಇತ್ತು, ತಾರೀಕು ಇರಲಿಲ್ಲ.

ಈಗ ನಮ್ಮ ಬೋಟಿನಲ್ಲಿರುವುದು ಕಲಬೆರಕೆ ದಾರಿ. ಅಳಿವೆಗೆ ತಾರೀಕು ಬರೆದ ಟ್ರ್ಯಾಕ್. 15 ದಿನ ದಾಟಿದರೆ ಅಳಿಸುತ್ತೇನೆ. ಹೊರಗೆ ಕೈಯಲ್ಲಿಟ್ಟ ಏಳು ಪಾಯಿಂಟ್, ಗೆರೆಯಿಂದ 0.1 ನಾಟಿಕಲ್ ಮೈಲು, ಅಂದರೆ 185 ಮೀಟರ್ ಜಾರಿದರೆ ಅಲಾರಂ. ಆಟೋ ರೂಟನ್ನು ಎರಡನೇ ಅಭಿಪ್ರಾಯ ಕೇಳುವುದಕ್ಕೆ ಇಟ್ಟುಕೊಂಡಿದ್ದೇನೆ. ಅದರ ಗೆರೆ ನಮ್ಮ ಗೆರೆಯಿಂದ ಎಲ್ಲಾದರೂ ದೂರ ಓಡಿದರೆ ಯಾಕೆ ಅಂತ ಜೂಮ್ ಮಾಡಿ ನೋಡುತ್ತೇನೆ. ಹೊಸದು ತೆಗೆದುಕೊಳ್ಳುವವರು ಆಟೋ ರೂಟಿಗಾಗಿ ಜಾಸ್ತಿ ದುಡ್ಡು ಕೊಡಬೇಡಿ. ಅದೇ ದುಡ್ಡಲ್ಲಿ ದೊಡ್ಡ ಸ್ಕ್ರೀನ್ ತಗೊಳ್ಳಿ, ಚಾರ್ಟ್ ಅಪ್‌ಡೇಟ್ ಮಾಡಿಸಿ.

ಅಳಿವೆಯಲ್ಲಿ 5 ಮೀಟರ್ ಅಲಾರಂ ಹೇಗೂ ಕೂಗುತ್ತದೆ. ಮಾವ ಅದನ್ನು ಬಂದ್ ಮಾಡು ಅಂತ ಎರಡು ಸಲ ಹೇಳಿದರು. ತಂಡೇಲರೇ ಬೇಡ ಅಂದರು.